ನೂರೈವತ್ತೊಂದನೆಯ ಗೋಲು

ಗೆದ್ದುದರ ಲೆಕ್ಕವನ್ನು ಲೋಕ ಜೋಪಾನವಾಗಿಡುತ್ತದೆ. ಆದರೆ ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವುದು ಲೆಕ್ಕಕ್ಕೆ ಸೇರದೆಯೇ ಹೋದ ಒಂದು ಗೋಲು.

ಮೆಲ್ಬರ್ನ್ ಕ್ರಿಕೆಟ್ ಮೈದಾನವೆಂದರೆ ನಮ್ಮವರಿಗೆ ಬಿ. ಎಸ್. ಚಂದ್ರಶೇಖರ್ ನೆನಪಾಗುತ್ತಾರೆ. 1977ರ ಕೊನೆಯಲ್ಲಿ ಮೊದಲಾದ ಟೆಸ್ಟಿನಲ್ಲಿ ಅವರು ಅಲ್ಲಿ 12 ವಿಕೆಟ್ ಪಡೆದರು. ಚಳಿಗಾಲ ಬಂತೆಂದರೆ ಅದೇ ನೆಲ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ವಶವಾಗುತ್ತದೆ. ಮೈದಾನವೂ ಅಂಡಾಕಾರ, ಚೆಂಡೂ ಅಂಡಾಕಾರ. ಪಕ್ಷಕ್ಕೆ 18 ಜನ. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಣ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, 6 ಅಂಕ; ಪಕ್ಕದ ಕಂಬದೆಡೆಗೆ ಸರಿದರೆ ಒಂದೇ ಅಂಕ. ಗೋಲಿನ ಮುಂದೆ ನಿಂತು ಸಮಯ ಕಾಯುವವನೇ ಫುಲ್ ಫಾರ್ವರ್ಡ್.

ಪೀಟರ್ ಹಡ್ಸನ್ ಅಂಥವನು. ಟಾಸ್ಮೇನಿಯ ದ್ವೀಪದಲ್ಲಿ, ಡರ್ವೆಂಟ್ ನದಿಯ ದಡದಲ್ಲಿರುವ ನ್ಯೂ ನಾರ್ಫೋಕ್ ಎಂಬ ಚಿಕ್ಕ ಊರು ಆತನದು. ಊರಿನ ತಂಡದಲ್ಲಿ ಪಳಗಿ, 1967ರಲ್ಲಿ ಸಮುದ್ರ ದಾಟಿ ಮೆಲ್ಬರ್ನಿನ ಹಾಥಾರ್ನ್ ತಂಡವನ್ನು ಸೇರಿದ. ಚೆಂಡನ್ನು ಚಪ್ಪಟೆಯಾಗಿ ತೇಲಿಬಿಡುವ ಆತನ ಒದೆತದಲ್ಲಿ ಕಣ್ಣು ಸೆಳೆಯುವ ಚೆಲುವೇನೂ ಇರಲಿಲ್ಲ, ಗುರಿ ಇತ್ತು. 1968ರಲ್ಲಿ 125 ಗೋಲು, 1970ರಲ್ಲಿ 146.

1971ರ ಅಂತಿಮ ಪಂದ್ಯಕ್ಕೆ ಬರುವಾಗ ಆ ವರ್ಷದ ಲೆಕ್ಕ 147 ಆಗಿತ್ತು. 1934ರಲ್ಲಿ ಬಾಬ್ ಪ್ರ್ಯಾಟ್ ಸ್ಥಾಪಿಸಿದ ದಾಖಲೆ 150. ನಾಲ್ಕು ಗೋಲು ಬಂದರೆ ದಾಖಲೆ ಮುರಿದಂತೆ. ಪಂದ್ಯಕ್ಕೆ ಸರಾಸರಿ ಐದು ಮೀರಿ ಗಳಿಸುವವನಿಗೆ ಅದೇನು ದೊಡ್ಡದು? ಆದರೆ ಆಟದ ಆರಂಭದಲ್ಲಿಯೇ ಎದುರಾಳಿಯ ಡಿಕ್ಕಿಗೆ ಸಿಕ್ಕಿ ಆತನ ತಲೆಗೆ ಪೆಟ್ಟು ಬಿತ್ತು. ಮಂಕು ಕವಿದ ಸ್ಥಿತಿಯಲ್ಲಿಯೇ ಆಡಿ ಮೂರು ಗೋಲು ಹೊಡೆದ. ಹತ್ತಿರದಿಂದ ಒದ್ದ ಒಂದು ಚೆಂಡು ಎದುರಿಗೆ ನಿಂತವನಿಗೇ ಬಡಿಯಿತು. ಇನ್ನೊಮ್ಮೆ, ಕಾಯುವವರಿಲ್ಲದ ಗೋಲಿನ ಮುಂದೆಯೇ ಗುರಿ ತಪ್ಪಿತು. ಒಂದು ಲಕ್ಷಕ್ಕೂ ಮಿಕ್ಕ ಜನ ಕಾದಿದ್ದ ನಾಲ್ಕನೆಯ ಗೋಲು ಬರಲೇ ಇಲ್ಲ. ಹಾಥಾರ್ನ್ ಮಾತ್ರ ಸೇಂಟ್ ಕಿಲ್ಡಾ ತಂಡವನ್ನು 7 ಅಂಕಗಳಿಂದ ಗೆದ್ದಿತು.

ಮರುವರ್ಷದ ಮೊದಲ ಪಂದ್ಯದಲ್ಲಿಯೇ, ಅರ್ಧ ಆಟ ಮುಗಿಯುವ ಮೊದಲು ಎಂಟು ಗೋಲು ಹೊಡೆದಿದ್ದಾಗ, ಮಂಡಿ ಮುರುಟಿತು. 1973ರಲ್ಲಿ ಟಾಸ್ಮೇನಿಯದಿಂದ ಬಂದು, ಹೆಲಿಕಾಪ್ಟರಿನಲ್ಲಿ ಮೈದಾನಕ್ಕಿಳಿದು, ಮತ್ತೆ ಎಂಟು ಗೋಲು ಹೊಡೆದ. ಆ ದಿನ ತಂಡ ಸೋತಿತು! 1977ರಲ್ಲಿ ಮರಳಿ ಬಂದಾಗ 110. ಹಾಥಾರ್ನ್ ಪರವಾಗಿ ಒಟ್ಟು 129 ಪಂದ್ಯ, 727 ಗೋಲು. ಪಂದ್ಯಕ್ಕೆ 5.64ರ ಆ ಸರಾಸರಿಯನ್ನು ಆ ಲೀಗಿನಲ್ಲಿ ಇಂದಿಗೂ ಯಾರೂ ದಾಟಿಲ್ಲ. ಬಳಿಕ ಸ್ವಂತ ದ್ವೀಪಕ್ಕೆ ಹಿಂದಿರುಗಿ, ಗ್ಲೆನೋರ್ಕಿ ತಂಡದಲ್ಲಿ ಆಡಿದ.

ನನಗೆ ಆಗಾಗ ಪ್ರ್ಯಾಟ್‌ನ ನೆನಪೂ ಬರುತ್ತದೆ. ಆತ 150 ಹೊಡೆದ ವರ್ಷ ಆತನ ತಂಡ ಅಂತಿಮ ಪಂದ್ಯದಲ್ಲಿ ಸೋತಿತ್ತು. ಹಡ್ಸನ್‌ಗೆ ಗೋಲು ತಪ್ಪಿತು, ಕಪ್ ದಕ್ಕಿತು. ಒಬ್ಬನಿಗೆ ಒದಗಿದ್ದು ಇನ್ನೊಬ್ಬನಿಗೆ ಒದಗಲಿಲ್ಲ. ಆದರೂ ಇಬ್ಬರ ಹೆಸರೂ ಒಂದೇ ಅಂಕೆಯ ಎದುರಿಗೆ, ಅಕ್ಕಪಕ್ಕದಲ್ಲಿ ಉಳಿದಿದೆ. ಆ ಕೊನೆಯ ಚೆಂಡು ಕಂಬಗಳ ನಡುವೆ ಹಾದುಹೋಗಿದ್ದರೆ ಪ್ರ್ಯಾಟ್‌ನನ್ನು ಇಂದು ಎಷ್ಟು ಜನ ನೆನೆಯುತ್ತಿದ್ದರೋ!