ಒಂದೇ ಮನೆಯ ಎರಡು ಕಂಪ್ಯೂಟರುಗಳು ಮಾತು ಬಿಟ್ಟಾಗ

ಒಂದೇ ಸೂರಿನಡಿಯಲ್ಲಿರುವ ಅಣ್ಣತಮ್ಮಂದಿರು ಮಾತು ಬಿಟ್ಟರೆ ಸಂಧಾನಕ್ಕೆ ಊರಿನಿಂದ ಸೋದರಮಾವನನ್ನಾದರೂ ಕರೆಸಬಹುದು. ಒಂದೇ ಮನೆಯ ಎರಡು ಕಂಪ್ಯೂಟರುಗಳು ಪರಸ್ಪರ ಮುಖ ನೋಡಲಾರೆವೆಂದು ಹಟ ಹಿಡಿದರೆ ಯಾರನ್ನು ಕರೆಸುವುದು? ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮವರ ಮನೆಗಳಲ್ಲಿ ಈ ಪ್ರಶ್ನೆ ಇಂದು ಅಪರೂಪದ್ದಲ್ಲ. ಹೊರಕೋಣೆಯಲ್ಲಿ ತಂದೆಯ ಹಳೆಯ ಯಂತ್ರ, ಒಳಕೋಣೆಯಲ್ಲಿ ಮಗನ ಹೊಸ ಲ್ಯಾಪ್‌ಟಾಪು. ನಡುವೆ ಹತ್ತು ಅಡಿಗಳ ಅಂತರ. ಆದರೂ ಒಂದರಲ್ಲಿರುವ ಫೈಲು ಇನ್ನೊಂದಕ್ಕೆ ಬಾರದು. ಕೊನೆಗೆ ಅದನ್ನು ವಾಟ್ಸ್‌ಆಪಿಗೆ ಏರಿಸಿ, ಎಲ್ಲಿಯೋ ದೂರದ ಯಂತ್ರಾಗಾರಕ್ಕೆ ಕಳುಹಿಸಿ, ಅಲ್ಲಿಂದ ಮತ್ತೆ ಇಳಿಸಿಕೊಳ್ಳುತ್ತೇವೆ. ಡೊಂಬಿವಲಿಯ ಪೂರ್ವದಿಂದ ಪಶ್ಚಿಮಕ್ಕೆ ಹೋಗಲು ಚರ್ಚ್‌ಗೇಟಿಗೆ ಹೋಗಿ ಬಂದಂತೆ!

ಈ ವ್ಯಾಧಿಗೆ ಮದ್ದಿಲ್ಲವೆಂದಲ್ಲ. ಮದ್ದನ್ನು ಕ್ರಮ ತಪ್ಪಿ ಕೊಡುವುದರಿಂದಲೇ ಅದು ಉಲ್ಬಣಿಸುತ್ತದೆ. ಇದನ್ನು ನಾನು ಕಲಿತುದು ನನ್ನ ಮನೆಯಲ್ಲಿಯೇ, ಅದೂ ಬಹು ದೊಡ್ಡ ನಷ್ಟವೊಂದರ ಅಂಚಿನಲ್ಲಿ ನಿಂತು.

2005ರ ಜುಲೈ 26ರ ಮಳೆಯನ್ನು ಈ ಭಾಗದ ವಾಚಕರಿಗೆ ನೆನಪಿಸಬೇಕಾಗಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಕಲ್ಯಾಣದ ತಗ್ಗು ಪ್ರದೇಶಗಳು ಜಲಾವೃತವಾದವು. ನಮ್ಮ ತಂದೆಯವರು ನೆಲಮಹಡಿಯ ಮನೆಯಲ್ಲಿ ಎರಡು ಟ್ರಂಕುಗಳ ತುಂಬ ಊರಿನ ಪತ್ರಗಳನ್ನೂ, ಸಂಘದ ಸಭೆಗಳ ನಡವಳಿಯ ಪುಸ್ತಕಗಳನ್ನೂ, ತಾವು ಬರೆದಿಟ್ಟ ಯಕ್ಷಗಾನ ಕೂಟಗಳ ವಿವರಗಳನ್ನೂ ಕಾಪಾಡಿಕೊಂಡು ಬಂದಿದ್ದರು. ಒಂದು ಟ್ರಂಕು ಸಂಪೂರ್ಣ ನಾಶವಾಯಿತು. ಇನ್ನೊಂದರಲ್ಲಿ ಉಳಿದುದನ್ನು ಹೋಟೆಲಿನ ಮಾಳಿಗೆಯಲ್ಲಿ ಹಾಳೆ ಹಾಳೆಯಾಗಿ ಹರಡಿ ಒಣಗಿಸಿ, ಮುಂದಿನ ವರ್ಷಗಳಲ್ಲಿ ಸ್ಕ್ಯಾನ್ ಮಾಡಿಸಿ, ಕೆಲವನ್ನು ಬೆರಳಚ್ಚು ಮಾಡಿಸಿ, ಒಂದು ಕಂಪ್ಯೂಟರಿನಲ್ಲಿ ಇರಿಸಿದೆವು. ಇನ್ನು ಭಯವಿಲ್ಲವೆಂದುಕೊಂಡೆವು. ಟ್ರಂಕಿನಲ್ಲಿದ್ದ ಏಕಮಾತ್ರ ಪ್ರತಿ ಪೆಟ್ಟಿಗೆಯಲ್ಲಿನ ಏಕಮಾತ್ರ ಪ್ರತಿಯಾಯಿತೇ ಹೊರತು ಬೇರೇನೂ ಬದಲಾಗಿರಲಿಲ್ಲವೆಂಬುದು ಆಗ ಹೊಳೆಯಲಿಲ್ಲ.

ಸಂಘದ ಸ್ಮರಣಿಕೆಗಾಗಿ ಆ ಕಾಗದಗಳು ಬೇಕಾದಾಗ ಹೊಸ ಲ್ಯಾಪ್‌ಟಾಪಿಗೆ ಅವುಗಳನ್ನು ತರಿಸಿಕೊಳ್ಳಲು ಹೊರಟೆ. ಎರಡೂ ಯಂತ್ರಗಳಲ್ಲಿ ಇಂಟರ್ನೆಟ್ಟು ಸರಾಗವಾಗಿ ನಡೆಯುತ್ತಿತ್ತು. ಆದರೆ ಒಂದು ಇನ್ನೊಂದನ್ನು ಕಾಣುತ್ತಿರಲಿಲ್ಲ. ಅಂಗಡಿಯೊಂದರಿಂದ ಬಂದ ರಿಪೇರಿಯವರು ಹತ್ತು ನಿಮಿಷ ನೋಡಿ, "ಹಳೆಯದನ್ನು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಡೋಣ ಸೇಠ್" ಎಂದರು. ನಾನು ಒಪ್ಪಿಯೂ ಬಿಟ್ಟಿದ್ದೆ. ಮಹಡಿಯ ಮೇಲಿನ ಮನೆಯ, ಕಾಲೇಜು ಓದುವ ಹುಡುಗಿ ಆ ಹೊತ್ತಿಗೆ ಬಾರದಿದ್ದರೆ ತಂದೆಯವರ ಎರಡನೆಯ ಟ್ರಂಕೂ ಅಂದೇ ಮುಳುಗುತ್ತಿತ್ತು.

"ಮಾಮ, ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಹೋಗುತ್ತದೆ. ಮೊದಲು ಎಲ್ಲಿ ನಿಂತಿದೆ ಎಂದು ನೋಡೋಣ" ಎಂದಳು ಅವಳು. ಹೋಟೆಲಿನಲ್ಲಿ ದೋಸೆ ಗಿರಾಕಿಯ ಮೇಜಿಗೆ ತಲುಪಲಿಲ್ಲವೆಂದರೆ ನಾವು ಒಲೆಯನ್ನೇ ಕಿತ್ತು ಹಾಕುವುದಿಲ್ಲ. ಆರ್ಡರು ಭಟ್ಟರಿಗೆ ಮುಟ್ಟಿತೋ, ಭಟ್ಟರು ಮಾಡಿದರೋ, ಮಾಣಿ ತಪ್ಪು ಮೇಜಿಗೆ ಕೊಟ್ಟನೋ ಎಂದು ಕ್ರಮವಾಗಿ ವಿಚಾರಿಸುತ್ತೇವೆ. ಅವಳು ಮಾಡಿದುದೂ ಅಷ್ಟೇ.

ಮೊದಲು ಓಣಿ, ಅನಂತರ ಮನೆ

ಮೊದಲನೆಯದಾಗಿ ಎರಡು ಯಂತ್ರಗಳೂ ಒಂದೇ ಜಾಲದಲ್ಲಿವೆಯೇ ಎಂಬುದನ್ನು ನೋಡಬೇಕು. ಜಾಲ ಸೇರಿದ ಪ್ರತಿಯೊಂದು ಯಂತ್ರಕ್ಕೂ ರೌಟರು ಒಂದು ವಿಳಾಸವನ್ನು ಕೊಡುತ್ತದೆ. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಎಂಬ ಆಜ್ಞೆಯನ್ನು ಕೊಟ್ಟರೆ ನಾಲ್ಕು ಅಂಕಿಗಳ ಆ ವಿಳಾಸ ಕಾಣುತ್ತದೆ. ಸಾಮಾನ್ಯ ಮನೆಗಳಲ್ಲಿ ಮೊದಲ ಮೂರು ಅಂಕಿಗಳು ಎರಡೂ ಕಡೆ ಒಂದೇ ಆಗಿರಬೇಕು. 169.254 ಎಂದು ಆರಂಭವಾಗಿದ್ದರೆ ರೌಟರಿನಿಂದ ವಿಳಾಸವೇ ದೊರೆತಿಲ್ಲವೆಂದು ತಿಳಿಯಬೇಕು.

ನಮ್ಮ ಹಳೆಯ ಯಂತ್ರದ ವಿಳಾಸ 192.168.0.5, ಲ್ಯಾಪ್‌ಟಾಪಿನದು 192.168.1.7. ಮೂರನೆಯ ಅಂಕಿಯಲ್ಲಿಯೇ ರಹಸ್ಯವಿತ್ತು. ಕೇಬಲ್ಲಿನವನು ಬಾಗಿಲ ಬಳಿ ಕೂರಿಸಿದ ರೌಟರು ಒಂದು. ಒಳಕೋಣೆಗೆ ವೈಫೈ ಮುಟ್ಟುವುದಿಲ್ಲವೆಂದು ನಾವೇ ಕೊಂಡು ತಂದು ಅದಕ್ಕೆ ಜೋಡಿಸಿದ ರೌಟರು ಇನ್ನೊಂದು. ಎರಡನೆಯದು ತನ್ನದೇ ಬೇರೆ ಓಣಿಯನ್ನು ನಿರ್ಮಿಸಿಕೊಂಡು, ತನ್ನ ಒಳಗಿನವರಿಗೆ ತಾನೇ ವಿಳಾಸ ಹಂಚುತ್ತಿತ್ತು. ಹೆದ್ದಾರಿ ಇಬ್ಬರಿಗೂ ಒಂದೇ ಆದುದರಿಂದ ಇಂಟರ್ನೆಟ್ಟು ಬರುತ್ತಿತ್ತು. ಆದರೆ ಓಣಿಗಳು ಬೇರೆಯಾದುದರಿಂದ ನೆರೆಯವರ ಪರಿಚಯವಿರಲಿಲ್ಲ. ಎರಡನೆಯ ರೌಟರನ್ನು 'ಆಕ್ಸೆಸ್ ಪಾಯಿಂಟ್' ಎಂಬ ಕ್ರಮಕ್ಕೆ ಬದಲಿಸಿದೊಡನೆ ಮನೆಯೆಲ್ಲ ಒಂದೇ ಓಣಿಯಾಯಿತು. ಅತಿಥಿಗಳಿಗೆಂದು ಇರುವ 'ಗೆಸ್ಟ್' ವೈಫೈಗೆ ಸೇರಿದ ಯಂತ್ರಕ್ಕೂ ಸಾಮಾನ್ಯವಾಗಿ ಮನೆಯ ಉಳಿದ ಯಂತ್ರಗಳು ಕಾಣವೆಂಬುದನ್ನು ನೆನಪಿಡಬೇಕು.

ಅನಂತರ 'ಪಿಂಗ್' ಎಂಬ ಆಜ್ಞೆಯ ಮುಂದೆ ವಿಳಾಸವನ್ನು ಬರೆದು ಕೂಗಿ ನೋಡಬೇಕು. ಮೊದಲು ರೌಟರನ್ನು, ಬಳಿಕ ಇನ್ನೊಂದು ಯಂತ್ರವನ್ನು. ಉತ್ತರ ಬಂದರೆ ದಾರಿ ತೆರವಾಗಿದೆಯೆಂದು ಅರ್ಥ. ಬಾರದಿದ್ದರೆ ದಾರಿಯಿಲ್ಲವೆಂದೇ ನಿರ್ಣಯಿಸಬಾರದು. ಆ ಯಂತ್ರ ನಿದ್ರಿಸುತ್ತಿರಬಹುದು, ಇಲ್ಲವೇ ಅದರ ಕಾವಲುಗಾರನು ಉತ್ತರಿಸಬೇಡವೆಂದಿರಬಹುದು.

ಕಾವಲುಗಾರನಿಗೆ ತಿಳಿಸಿ ಹೇಳುವುದು

ಆ ಕಾವಲುಗಾರನ ಹೆಸರು ಫೈರ್‌ವಾಲ್. ಹೊಸ ಜಾಲವೊಂದನ್ನು ಸೇರಿದಾಗ ಇಂದಿನ ವಿಂಡೋಸ್ ಅದನ್ನು ರೈಲು ನಿಲ್ದಾಣದಂತಹ ಸಾರ್ವಜನಿಕ ಸ್ಥಳವೆಂದೇ ಭಾವಿಸಿ ತನ್ನನ್ನು ಮರೆಮಾಡಿಕೊಳ್ಳುತ್ತದೆ. ಇದು ಸ್ವಂತ ಮನೆಯೆಂದು ನಾವು ಹೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ವೈಫೈಯ ಗುಣವನ್ನು 'ಪಬ್ಲಿಕ್' ಎಂಬುದರಿಂದ 'ಪ್ರೈವೇಟ್' ಎಂದು ಬದಲಿಸಿ, 'ನೆಟ್‌ವರ್ಕ್ ಡಿಸ್ಕವರಿ', 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎಂಬ ಎರಡನ್ನೂ ತೆರೆಯಬೇಕು. ಫೈರ್‌ವಾಲನ್ನೇ ಮುಚ್ಚಿಬಿಡಿ ಎನ್ನುವವರ ಮಾತಿಗೆ ಕಿವಿಗೊಡಬಾರದು.

ಇಷ್ಟಾದರೂ ಯಂತ್ರದ ಹೆಸರು ಪಟ್ಟಿಯಲ್ಲಿ ಕಾಣದಿರಬಹುದು. ಹೆಸರು ಕಾಣುವುದು ಬೇರೆ, ಬಾಗಿಲು ತೆರೆಯುವುದು ಬೇರೆ. ಫೈಲ್ ಎಕ್ಸ್‌ಪ್ಲೋರರಿನ ವಿಳಾಸದ ಸ್ಥಳದಲ್ಲಿ ಎರಡು ಹಿಮ್ಮುಖ ಓರೆಗೆರೆಗಳನ್ನು ಹಾಕಿ, ಅದರ ಮುಂದೆ ಆ ಯಂತ್ರದ ಅಂಕಿಗಳನ್ನು ಬರೆದರೆ ಅನೇಕ ವೇಳೆ ನೇರವಾಗಿ ಬಾಗಿಲು ತಟ್ಟಬಹುದು.

ಪರವಾನಗಿ ಮತ್ತು ಗುರುತು

ಬಾಗಿಲಲ್ಲಿ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ದಿನವೂ ಲ್ಯಾಪ್‌ಟಾಪ್ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಆ ಯಂತ್ರದ ಎದುರಿಗೆ ಕುಳಿತವನಿಗೆ ಮಾತ್ರ ಸಲ್ಲುತ್ತದೆ. ಜಾಲದ ಮೂಲಕ ಬರುವವನಿಗೆ ಸಲ್ಲದು. ಕೊಡಬೇಕಾದುದು ಯಾವ ಯಂತ್ರದೊಳಗೆ ಪ್ರವೇಶಿಸುತ್ತೇವೆಯೋ ಆ ಯಂತ್ರದಲ್ಲಿರುವ ಖಾತೆಯ ಹೆಸರನ್ನು ಮತ್ತು ಅದರ ನಿಜವಾದ ಪಾಸ್‌ವರ್ಡನ್ನು. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ಜಾಲದ ಮೂಲಕ ಒಳಗೆ ಬಿಡುವುದಿಲ್ಲ. ತಂದೆಯವರಿಗೆ ಕಷ್ಟವಾಗದಿರಲೆಂದು ನಾವು ಹಳೆಯ ಯಂತ್ರಕ್ಕೆ ಪಾಸ್‌ವರ್ಡೇ ಇಟ್ಟಿರಲಿಲ್ಲ. ಒಂದನ್ನು ಇಟ್ಟೊಡನೆ ಎರಡನೆಯ ಬೀಗವೂ ತೆರೆಯಿತು.

ಮೂರನೆಯ ಬೀಗವೊಂದುಂಟು. ಫೋಲ್ಡರನ್ನು ಹಂಚುವಾಗ ಕೊಡುವ ಅನುಮತಿ ಒಂದು. ಡಿಸ್ಕಿನಲ್ಲಿ ಆ ಫೋಲ್ಡರಿಗೆ ಮೊದಲೇ ಇರುವ 'ಸೆಕ್ಯುರಿಟಿ' ಅನುಮತಿ ಇನ್ನೊಂದು. ಎರಡರಲ್ಲಿ ಯಾವುದು ಕಟ್ಟುನಿಟ್ಟಾದುದೋ ಅದೇ ನಡೆಯುತ್ತದೆ. ಬರಿದೇ ಓದಿಕೊಳ್ಳಬೇಕಾದವರಿಗೆ ಓದುವ ಅಧಿಕಾರವಿದ್ದರೆ ಸಾಕು. ಉಗ್ರಾಣದ ಬೀಗದ ಕೈಯನ್ನು ಎಲ್ಲ ಮಾಣಿಗಳಿಗೂ ಕೊಡುವವರಾರು?

ಬಾಗಿಲಿಗಾಗಿ ಗೋಡೆ ಒಡೆಯಬೇಡಿ

ಯಂತ್ರಗಳು ಫೈಲುಗಳನ್ನು ಕೊಟ್ಟು ಕೊಳ್ಳುವ ಈ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿದ ಅದರ ಮೊದಲ ರೂಪವನ್ನಷ್ಟೇ ವಿಂಡೋಸ್ ಎಕ್ಸ್‌ಪಿಯಂತಹ ಮುದಿ ಯಂತ್ರಗಳು ಬಲ್ಲವು. ಹೊಸ ಯಂತ್ರಗಳು ಆ ರೂಪವನ್ನು ನಿರಾಕರಿಸುತ್ತವೆ. "ಹಳೆಯದನ್ನು ತೆರೆದುಬಿಡಿ, ಕೆಲಸ ಆಗುತ್ತದೆ" ಎಂಬ ಸಲಹೆ ಬೇಕಾದಷ್ಟು ಸಿಗುತ್ತದೆ. ಆದರೆ 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಆ ಹಳೆಯ ರೂಪದ ಬಿರುಕಿನಿಂದಲೇ ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ಮಾರ್ಚಿನಲ್ಲಿಯೇ ಹಂಚಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಂತಹ ಮುದಿ ಯಂತ್ರದಿಂದ ಫೈಲುಗಳನ್ನು ಪೆನ್ ಡ್ರೈವಿನಲ್ಲಿ ಹೊತ್ತು ತರುವುದೇ ಮೇಲು. ನಮ್ಮ ಹಳೆಯ ಯಂತ್ರದಲ್ಲಿದ್ದುದು ವಿಂಡೋಸ್ 7. ಅದು ಎಸ್‌ಎಂಬಿಯ ಎರಡನೆಯ ರೂಪವನ್ನು ಬಲ್ಲುದಾಗಿ ಕೆಲಸ ಸಾಗಿತು. ಆದರೆ ಅದಕ್ಕೂ 2020ರ ಜನವರಿಯಲ್ಲಿಯೇ ರಕ್ಷಣೆಯ ತೇಪೆಗಳು ನಿಂತುಹೋಗಿದ್ದುದರಿಂದ, ಫೈಲುಗಳು ಬಂದ ಮರುದಿನವೇ ಅದನ್ನು ಜಾಲದಿಂದ ಬಿಡಿಸಿದೆವು.

ಫೈಲು ಬಂದಿತು, ಕನ್ನಡ ಬರಲಿಲ್ಲ

ರಾತ್ರಿ ಹನ್ನೊಂದಕ್ಕೆ ಫೋಲ್ಡರು ಪೂರ್ಣವಾಗಿ ಬಂದಿಳಿಯಿತು. ಸ್ಕ್ಯಾನ್ ಮಾಡಿದ ಪುಟಗಳಲ್ಲಿ ನೀರಿನ ಕಲೆಯ ನಡುವೆ ತಂದೆಯವರ ಅಕ್ಷರ ಸ್ಪಷ್ಟವಾಗಿ ಮೂಡಿತು. ಆದರೆ ಬೆರಳಚ್ಚು ಮಾಡಿಸಿದ ಲೇಖನಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ! ಫೈಲು ಕೆಟ್ಟಿತೆಂದು ಎದೆ ಝಲ್ಲೆಂದಿತು. ಕೆಟ್ಟಿರಲಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರರೂಪಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಕಾಣುವುದಿಲ್ಲ. ಹಳೆಯ ಯಂತ್ರದಿಂದ ಫಾಂಟನ್ನೂ ತಂದು ಹಾಕಿದಾಗ ಒಂದೊಂದೇ ಸಾಲು ಕನ್ನಡವಾಯಿತು. ಅನಂತರ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟೆವು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿರುವ ಆ ಸಂಕೇತಕ್ರಮದಲ್ಲಿ ಬರೆದುದು ಯಾವ ಯಂತ್ರಕ್ಕೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ.

1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಶನ್ ಮೊದಲ್ಗೊಂಡು ಈ ಮಹಾನಗರದ ಸುತ್ತ ಕನ್ನಡಿಗರು ಕಟ್ಟಿದ ಸಂಘಗಳು ಎಷ್ಟೋ. ಅವುಗಳ ಚರಿತ್ರೆಯ ಬಹುಪಾಲು ಇರುವುದು ಸ್ಮರಣಿಕೆಗಳಲ್ಲಿ, ವರದಿಗಳಲ್ಲಿ, ಭಾವಚಿತ್ರಗಳಲ್ಲಿ. ಇಂದು ಅಂತಹವು ಕಾರ್ಯದರ್ಶಿಯೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಏಕಮಾತ್ರ ಪ್ರತಿಯಾಗಿ ಉಳಿದಿರುವುದುಂಟು. ಆ ಯಂತ್ರ ಇಂದು ಮಾತನಾಡದಿದ್ದರೆ ಗಾಬರಿಗೊಂಡು ಅಳಿಸಬೇಡಿ. ಓಣಿ, ಕಾವಲು, ಗುರುತು, ಅನುಮತಿ ಎಂಬ ಕ್ರಮದಲ್ಲಿ ಪರೀಕ್ಷಿಸಿರಿ. ಅದು ಮಾತನಾಡುತ್ತಿದ್ದರಂತೂ ಇಂದು ರಾತ್ರಿಯೇ ಎರಡನೆಯ ಪ್ರತಿಯೊಂದನ್ನು ಬೇರೆ ಯಂತ್ರಕ್ಕೂ, ಮೂರನೆಯದನ್ನು ಬೇರೆ ಮನೆಗೂ ಸೇರಿಸಿರಿ. ನಮ್ಮ ಮೂರನೆಯ ಪ್ರತಿ ಈಗ ಐರೋಳಿಯಲ್ಲಿರುವ ತಂಗಿಯ ಮನೆಯ ಐದನೆಯ ಮಹಡಿಯಲ್ಲಿದೆ. ಮುಂದಿನ ಮಳೆಗಾಲಕ್ಕೆ ಅದರ ಬಗೆಗಾದರೂ ಚಿಂತೆಯಿಲ್ಲ.