ಅಗ್ಗದ ಮದರ್‌ಬೋರ್ಡಿನಲ್ಲಿ ನೋಡಬೇಕಾದ ಮೂಲೆ

1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಬೋರ್ಡು ಕೊಡುವ 66 ಮೆಗಾಹರ್ಟ್ಸ್ ಮಿಡಿತವನ್ನು ಅದು ಒಳಗೆ ನಾಲ್ಕೂವರೆ ಪಟ್ಟು ಮಾಡಿಕೊಂಡು 300ರ ವೇಗದಲ್ಲಿ ಓಡುತ್ತಿತ್ತು. ಆ ನಾಲ್ಕೂವರೆಗೆ ಇಂಟೆಲ್ ಬೀಗ ಜಡಿದಿತ್ತು, ಆದರೆ ಮಿಡಿತ ಬೋರ್ಡಿನ ಕೈಯಲ್ಲೇ ಉಳಿದಿತ್ತು. ಅಬಿಟ್ ಬಿಎಚ್6 ಬೋರ್ಡಿನ ಬಯೋಸ್‌ನಲ್ಲಿ 66ನ್ನು 100ಕ್ಕೆ ಏರಿಸಿದರೆ ಸಾಕು, ಎಷ್ಟೋ ಚಿಪ್ಪುಗಳು 450 ಮೆಗಾಹರ್ಟ್ಸ್ ಮುಟ್ಟುತ್ತಿದ್ದವು. ಆಗಿನ ದುಬಾರಿ ಪೆಂಟಿಯಮ್ 2ರ ವೇಗ ಅದು.

ಇಂದು ಬೀಗದ ಕೈ ಇರುವುದು ಬೋರ್ಡಿನ ಚಿಪ್‌ಸೆಟ್ಟಿನಲ್ಲಿ. ವೇಗ ಏರಿಸಲು ಇಂಟೆಲ್‌ನಲ್ಲಿ ‘ಕೆ’ ಪ್ರೊಸೆಸರಿನ ಜೊತೆಗೆ ‘ಝಡ್’ ಸಾಲಿನ ಬೋರ್ಡೂ ಬೇಕು, ಖರ್ಚು ಎರಡೂ ಕಡೆ ಏರುತ್ತದೆ. ಎಎಂಡಿಯ ಬಿ450, ಬಿ550, ಬಿ650 ಬೋರ್ಡುಗಳಲ್ಲಿ ಕಡಿಮೆ ದುಡ್ಡಿಗೇ ಅವಕಾಶವಿದೆ. ಎ320, ಎ620 ಬೋರ್ಡುಗಳಲ್ಲಿ ಪ್ರೊಸೆಸರಿನ ವೇಗ ಏರಿಸಲಾಗದು.

ಆದರೆ ಚಿಪ್‌ಸೆಟ್ ಬರೀ ಅನುಮತಿ ಕೊಡುತ್ತದೆ. ದುಡಿಯುವುದು ಪ್ರೊಸೆಸರ್ ಸಾಕೆಟ್ಟಿನ ಪಕ್ಕದ ವಿಆರ್‌ಎಂ, ಅಂದರೆ ವೋಲ್ಟೇಜ್ ಇಳಿಸುವ ಭಾಗ. ಎಸ್‌ಎಂಪಿಎಸ್ ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಸುಮಾರು 1.3. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ 130 ವ್ಯಾಟ್ ಒದಗಿಸಲು 100 ಆಂಪಿಯರ್ ಹರಿಯಬೇಕು. ನಮ್ಮ ಮನೆಯ ಗೀಸರ್ ಸಾಕೆಟ್ಟಿನ ಮಿತಿ 16 ಆಂಪಿಯರ್! ಓವರ್‌ಕ್ಲಾಕ್ ಮಾಡಿದಾಗ, ಅಂದರೆ ಹೀಗೆ ವೇಗ ಏರಿಸಿದಾಗ, ಹೊರೆ ಇನ್ನೂ ಬೆಳೆಯುತ್ತದೆ. ವಿದ್ಯುತ್ತಿನ ಬಳಕೆ ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುವುದರಿಂದ, ಎರಡನ್ನೂ ಶೇಕಡಾ 10 ಹೆಚ್ಚಿಸಿದರೆ ಬಳಕೆ ಶೇಕಡಾ 33 ಹೆಚ್ಚುತ್ತದೆ.

ಈ ಹೊರೆಯನ್ನು ವಿಆರ್‌ಎಂನ ಹಲವು ‘ಫೇಸ್’ಗಳು, ಅಂದರೆ ಒಂದೇ ಬಗೆಯ ಘಟಕಗಳು, ಹಂಚಿಕೊಳ್ಳುತ್ತವೆ. ಫೇಸ್‌ನಲ್ಲಿ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್‌ನ ರೋಧದಿಂದ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ನಾಲ್ಕು ಫೇಸ್‌ಗಳ ಕೆಲಸವನ್ನು ಅಂಥವೇ ಎಂಟು ಮಾಡಿದರೆ ಆ ಶಾಖ ಅರ್ಧಕ್ಕಿಳಿಯುತ್ತದೆ. ಸಾಕೆಟ್ಟಿನ ಸುತ್ತಲಿನ ಚೌಕಾಕಾರದ ಚೋಕ್‌ಗಳನ್ನು (ಫೇಸ್‌ಗಳ ಸುರುಳಿಗಳನ್ನು) ಎಣಿಸಿದರೆ ಎಷ್ಟು ಫೇಸ್ ಇವೆ ಎಂಬ ಅಂದಾಜು ಸಿಗುತ್ತದೆ. ಪೂರ್ತಿ ನಂಬಬೇಡಿ, ಅವುಗಳಲ್ಲಿ ಒಂದೆರಡು ಪ್ರೊಸೆಸರಿನ ಕೋರ್‌ಗಳಿಗೆ ಸೇರಿದವಲ್ಲ. ಕೆಲವು ಬೋರ್ಡುಗಳಲ್ಲಿ ಒಂದೇ ಫೇಸ್‌ಗೆ ಎರಡು ಚೋಕ್ ಇಟ್ಟಿರುತ್ತಾರೆ.

ನಾನಾದರೆ ಮೊದಲು ಹೀಟ್‌ಸಿಂಕ್ ನೋಡುತ್ತೇನೆ. ಮಾಸ್‌ಫೆಟ್‌ಗಳ ಮೇಲೆ ಗೆರೆ ಕೊರೆದ ದಪ್ಪ ಲೋಹ ಇರಬೇಕು, ಪ್ಲಾಸ್ಟಿಕ್ ಮುಚ್ಚಳ ಅಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಈ ಲೋಹಕ್ಕೆ ಕೊಟ್ಟ ದುಡ್ಡಿನ ಬೆಲೆ ಗೊತ್ತಾಗುತ್ತದೆ. ಕೆಳಮುಖವಾಗಿ ಬೀಸುವ ಫ್ಯಾನಿನ ಕೂಲರ್ ಹಾಕಿದರೆ ವಿಆರ್‌ಎಂಗೂ ಗಾಳಿ ತಾಗುತ್ತದೆ. ಲಿಕ್ವಿಡ್ ಕೂಲರ್ ಹಾಕಿದರೆ ಆ ಮೂಲೆಗೆ ಗಾಳಿ ಸಿಗುವುದು ಕಷ್ಟ.

ಬಣ್ಣದ ದೀಪ, ವೈಫೈ, ಹೆಚ್ಚುವರಿ ಎಂ.2 ಸ್ಲಾಟು, ಇವನ್ನೆಲ್ಲ ಬಿಟ್ಟುಬಿಡಿ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಬದಲಿಸುವ ಸೌಲಭ್ಯಕ್ಕೆ ಮಾತ್ರ ಸ್ವಲ್ಪ ಹೆಚ್ಚು ಕೊಡಬಹುದು. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಕೂರಿಸುವಾಗ ಅದು ದೊಡ್ಡ ಉಪಕಾರ.

ವೇಗ ಏರಿಸಿದ ಮೇಲೆ ಎಲ್ಲ ಕೋರ್‌ಗಳಿಗೂ ಅರ್ಧ ಗಂಟೆ ಪೂರ್ತಿ ಕೆಲಸ ಕೊಟ್ಟು ವಿಆರ್‌ಎಂ ತಾಪ ಗಮನಿಸಿ. ಅದು 100 ಡಿಗ್ರಿಯತ್ತ ಏರುತ್ತಲೇ ಇದ್ದರೆ ವೋಲ್ಟೇಜು ಇಳಿಸಿ. ಕೆಲವು ಅಗ್ಗದ ಬೋರ್ಡುಗಳಲ್ಲಿ ಈ ತಾಪ ತೋರಿಸುವ ಸೆನ್ಸರೇ ಇರುವುದಿಲ್ಲ. ಕೊಳ್ಳುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ.