ಕೀಟನಾಶಕಗಳೂ ಮೂತ್ರಪಿಂಡವೂ: ವಿಜಯಪುರ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕುರಿತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ ತೊಗರಿ, ಹತ್ತಿಗಳಿಗೆ ಕೀಟನಾಶಕ ಸಿಂಪಡಿಸುವುದನ್ನು ರೈತರು 'ಎಣ್ಣಿ ಹೊಡೆಯುವುದು' ಎನ್ನುತ್ತಾರೆ. ಪೇಟೆಯಲ್ಲಿ ಅದಕ್ಕೆ 'ಔಷಧ'ವೆಂಬ ಹೆಸರೂ ಉಂಟು. ವಿಷವೆಂಬ ಶಬ್ದ ಮಾತ್ರ ಹಿಂದೆ ಸರಿದಿದೆ.

ಸರಕಾರ ಅದನ್ನು ವಿಷವೆಂದೇ ಬಗೆದುದಕ್ಕೆ ಒಂದು ಚರಿತ್ರೆಯಿದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರವನ್ನುಂಡು ನೂರಕ್ಕೂ ಹೆಚ್ಚು ಮಂದಿ ಮಡಿದರು. ವಿಚಾರಣೆ ನಡೆದು 1968ರಲ್ಲಿ ಕೀಟನಾಶಕಗಳ ಕಾಯಿದೆ ಬಂದಿತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಅದರ ನಿಯಮಗಳ ಫಲ. ಆದರೆ ಅವು ತಿಳಿಸುವುದು ಒಮ್ಮೆಗೇ ಒಳಹೊಕ್ಕ ವಿಷದ ತೀವ್ರತೆಯನ್ನು. ವರ್ಷವರ್ಷವೂ ಕಿಂಚಿತ್ತಾಗಿ ಸೇರುವುದರ ಪರಿಣಾಮವನ್ನಲ್ಲ.

ಮೂತ್ರಪಿಂಡದ ಪ್ರಶ್ನೆ ಏಳುವುದು ಇಲ್ಲಿಯೇ. ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೆ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಅದು ಸೋಸುತ್ತದೆ. ಚರ್ಮ, ಉಸಿರುಗಳ ಮೂಲಕ ಸೇರಿದ ಆರ್ಗ್ಯಾನೋಫಾಸ್ಫೇಟ್ ವರ್ಗದ ವಿಷಗಳು ವಿಘಟನೆಗೊಂಡು ಬಹುಮಟ್ಟಿಗೆ ಈ ದಾರಿಯಿಂದಲೇ ಹೊರಬೀಳುತ್ತವೆ. ವಿಷ ತೀವ್ರವಾಗಿ ಏರಿದಾಗ ವಾಂತಿ, ಭೇದಿ, ಬೆವರುಗಳಿಂದ ನೀರು ಬರಿದಾಗಿ ಮೂತ್ರಪಿಂಡಕ್ಕೆ ರಕ್ತ ಸಾಲದಾಗುತ್ತದೆ. ಕೆಲವೊಮ್ಮೆ ಸ್ನಾಯುಗಳು ಒಡೆದು ಅವುಗಳ ವರ್ಣದ್ರವ್ಯವು ಸೂಕ್ಷ್ಮನಾಳಗಳನ್ನು ಕಟ್ಟುತ್ತದೆ. ಇಷ್ಟು ನಿರ್ವಿವಾದ.

ದೀರ್ಘಕಾಲದ ಬಳಕೆಯ ವಿಷಯದಲ್ಲಿ ಮತಭೇದವಿದೆ. ಅಮೆರಿಕದ ಅಯೋವಾ, ಉತ್ತರ ಕ್ಯಾರೊಲಿನಾಗಳಲ್ಲಿ 1993ರಲ್ಲಿ ಆರಂಭವಾದ ಅಧ್ಯಯನವು ಕೆಲವು ಕಳೆನಾಶಕಗಳನ್ನೂ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನೂ ಹೆಚ್ಚಾಗಿ ಸಿಂಪಡಿಸಿದವರಲ್ಲಿ ಮೂತ್ರಪಿಂಡದ ವೈಫಲ್ಯ ಹೆಚ್ಚೆಂದು ಕಂಡಿತು. ಮಧ್ಯ ಅಮೆರಿಕದ ಕಬ್ಬಿನ ಕೂಲಿಗಳ ವ್ಯಾಧಿಗಾದರೋ ಬಿಸಿಲು, ನಿರ್ಜಲತೆಗಳೇ ಮುಖ್ಯ ಕಾರಣವೆಂದು ಅನೇಕರ ಅಭಿಪ್ರಾಯ. ನಮ್ಮ ಸೀಮೆಯಲ್ಲಿ ಇವೆರಡೂ ಒಂದೇ ಹೊಲದಲ್ಲಿ ಕೂಡಬಲ್ಲವು: ಬೆನ್ನ ಮೇಲೆ ಪಂಪು, ನೆತ್ತಿಯ ಮೇಲೆ ಬಿಸಿಲು, ವಿಷದ ಕೈಯಿಂದ ಚೆರಿಗೆ ಮುಟ್ಟಬಾರದೆಂದು ಬಾಯಾರಿಕೆಯನ್ನು ತಡೆದರೆ ಹಾನಿ ಇನ್ನೂ ಹೆಚ್ಚು. ಒಂದನ್ನೇ ಹಿಡಿದು ವಾದಿಸುವುದು ಯುಕ್ತವೆಂದು ನನಗೆ ತೋರುವುದಿಲ್ಲ.

ಇತಿಹಾಸದ ಅಭ್ಯಾಸಿಗೆ ಕಾಣುವ ತೊಡಕು ದಾಖಲೆಯದು. ವಿಷ ಕುಡಿದವನ ಪ್ರಕರಣ ಪೊಲೀಸರ ಕಡತವನ್ನು ಸೇರುತ್ತದೆ. ಇಪ್ಪತ್ತು ವರ್ಷ ಎಣ್ಣಿ ಹೊಡೆದು ಡಯಾಲಿಸಿಸ್‌ಗೆ ಬಂದವನ ಚೀಟಿಯಲ್ಲಿ 'ಒಕ್ಕಲುತನ' ಎಂಬ ಒಂದೇ ಮಾತು ಉಳಿದರೆ, ಯಾವ ವಿಷ, ಎಷ್ಟು ದಿನ ಎಂಬುದು ಅವನೊಡನೆಯೇ ಅಳಿಯುತ್ತದೆ. ರಕ್ತದಲ್ಲಿ ಕ್ರಿಯಾಟಿನೈನ್ ಏರಿ ಕಾಣುವ ಹೊತ್ತಿಗೆ ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಕುಂದಿರಬಹುದು. ಆದುದರಿಂದ ಸಿಂಪಡಣೆಯ ಕಾಲಕ್ಕೆ ಮೊದಲೂ ಅನಂತರವೂ ಮೂತ್ರದ ಆಲ್ಬುಮಿನ್ನನ್ನು ಪರೀಕ್ಷಿಸಿ, ಆ ಎರಡು ಸಂಗತಿಗಳನ್ನು ಅದರ ಪಕ್ಕದಲ್ಲಿಯೇ ಬರೆದಿಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಗಬಹುದಾದ ಕೆಲಸ.